ಕಾಯಕದ ನೆಲೆಯಲ್ಲೇ ಕ್ಯಾನ್ಸರ್ ತಪಾಸಣೆ: ಜಗಳೂರು ಸೀಮೆಯ ಭಕ್ತರಿಗೊಂದು ತಿಳಿವಳಿಕೆ

ಶರಣರು ಕಾಯಕಕ್ಕೆ ಕೊಟ್ಟ ಸ್ಥಾನ ಎಂಥದೆಂಬುದನ್ನು ಶ್ರೀಮಠದ ಭಕ್ತರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಕಾಯಕವೆಂಬ ಶಬ್ದದೊಳಗೆ ಕಾಯವೂ ಇದೆಯೆಂಬುದನ್ನು ದುಡಿಯುವ ಮಂದಿ ಬಹುಬೇಗ ಮರೆಯುತ್ತಾರೆ. ಹೊಲ, ಅಂಗಡಿ, ಗಿರಣಿ, ಶಾಲೆ, ಕಚೇರಿ ಎಂದು ಓಡಾಡುವವರಿಗೆ ನೋವಿಲ್ಲದ ಒಂದು ಗಂಟು, ಮಾಯದ ಒಂದು ಹುಣ್ಣು ದೊಡ್ಡದೆನಿಸುವುದಿಲ್ಲ. ನೋವು ಬಂದ ಮೇಲೆ ಹೋಗೋಣವೆಂದು ಮುಂದೂಡುತ್ತಾರೆ. ಕ್ಯಾನ್ಸರಿನ ವಿಷಯದಲ್ಲಿ ಈ ಮುಂದೂಡಿಕೆಯೇ ಪ್ರಾಣಾಂತಿಕ, ಏಕೆಂದರೆ ಗುಣಪಡಿಸಬಹುದಾದ ಹಂತದಲ್ಲಿ ಆ ರೋಗ ಸಾಮಾನ್ಯವಾಗಿ ನೋಯುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವು 2020ರಲ್ಲಿ ಹೊರತಂದ ವರದಿಯನ್ನು ನೋಡಿದರೆ ಇದು ಅರಿವಾಗುತ್ತದೆ. ಸ್ತನದ ಕ್ಯಾನ್ಸರ್ ಇದ್ದವರಲ್ಲಿ ಶೇ. 57, ಗರ್ಭಕೊರಳಿನ ಕ್ಯಾನ್ಸರ್ ಇದ್ದವರಲ್ಲಿ ಶೇ. 60, ತಲೆ ಮತ್ತು ಕತ್ತಿನ ಭಾಗದ ಕ್ಯಾನ್ಸರ್ ಇದ್ದವರಲ್ಲಿ ಶೇ. 66ಕ್ಕೂ ಹೆಚ್ಚು ಮಂದಿ, ರೋಗವು ಹುಟ್ಟಿದ ಜಾಗದ ಸುತ್ತಲೂ ವ್ಯಾಪಿಸಿದ ಬಳಿಕವೇ ಆಸ್ಪತ್ರೆಯನ್ನು ಮುಟ್ಟಿದ್ದರು. ತಪಾಸಣೆಯ ಲೆಕ್ಕವಂತೂ ಇನ್ನೂ ಕಳವಳಕಾರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರ ಪೈಕಿ ಗರ್ಭಕೊರಳಿನ ತಪಾಸಣೆಯನ್ನು ಎಂದಾದರೊಮ್ಮೆ ಮಾಡಿಸಿಕೊಂಡವರು ಶೇ. 1.9 ಮಾತ್ರ, ಸ್ತನ ತಪಾಸಣೆ ಶೇ. 0.9. ಗಂಡಸರಲ್ಲಿ ಬಾಯಿಯ ತಪಾಸಣೆ ಮಾಡಿಸಿಕೊಂಡವರು ಶೇ. 1.2. ಅಂದರೆ ನೂರು ಜನರಿರುವ ಒಂದು ಗಿರಣಿಯಲ್ಲಿ ಒಬ್ಬಿಬ್ಬರು.

ಕೆಲಸದ ಸ್ಥಳದಲ್ಲಿಯೇ ಏಕೆ?

ಜಗಳೂರು ಮಳೆನೆರಳಿನ ಸೀಮೆ. 1950ರಲ್ಲಿ ಮೊದಲ ತರಳಬಾಳು ಹುಣ್ಣಿಮೆ ಮಹೋತ್ಸವ ನಡೆದದ್ದು ಇದೇ ಊರಿನಲ್ಲಿ ಎಂಬ ಹೆಮ್ಮೆ ಇಲ್ಲಿಯವರಿಗಿದೆ. ಅದರ ಜೊತೆಗೇ ಬರಗಾಲದ ನೆನಪೂ ಇದೆ. ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ತಾಲ್ಲೂಕು 1997ರಿಂದ ದಾವಣಗೆರೆಗೆ ಸೇರಿತು. ಜಿಲ್ಲಾ ಆಸ್ಪತ್ರೆ ಇರುವ ದಾವಣಗೆರೆ ಐವತ್ತು ಕಿ.ಮೀ. ಆಸುಪಾಸಿನಲ್ಲಿದೆ, ಕಿದ್ವಾಯಿ ಸಂಸ್ಥೆ ಇರುವ ಬೆಂಗಳೂರಿಗೆ ಒಂದು ರಾತ್ರಿಯ ಬಸ್ ಪ್ರಯಾಣ. ಕೂಲಿ ಮಾಡುವ ತಾಯಿಯೊಬ್ಬಳು ಯಾವ ತೊಂದರೆಯೂ ಇಲ್ಲದಿರುವಾಗ ಬರಿಯ ತಪಾಸಣೆಗೆಂದು ಒಂದು ದಿನದ ಕೂಲಿ ಬಿಟ್ಟು ದಾವಣಗೆರೆಗೆ ಹೋಗಿಬರುವಳೆಂದು ನಿರೀಕ್ಷಿಸುವುದು ನ್ಯಾಯವಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಿಂದಾಗಿ ಬಸ್ಸಿನ ಹಣ ಉಳಿದಿದೆ ನಿಜ, ಆದರೆ ಕೂಲಿ ಉಳಿಯುವುದಿಲ್ಲ. ಆದ್ದರಿಂದ ತಪಾಸಣೆಯೇ ಆಕೆಯಿದ್ದಲ್ಲಿಗೆ ಬರಬೇಕು.

ಇದು ಹೊಸ ವಿಚಾರವೇನಲ್ಲ. ಬಾಯಿಯೊಳಗಿನ ಬಿಳಿ ಮಚ್ಚೆಗೂ ತಂಬಾಕಿಗೂ ಇರುವ ನಂಟನ್ನು ನಮ್ಮ ದೇಶದಲ್ಲಿ ಮೊದಮೊದಲು ಹುಡುಕಿದವರು ಆರಿಸಿಕೊಂಡದ್ದು ಮುಂಬಯಿಯ ಪೊಲೀಸರನ್ನು. ಒಂದೇ ಇಲಾಖೆಯ ನೌಕರರಾದ್ದರಿಂದ ಅವರನ್ನು ಹತ್ತು ವರ್ಷಗಳ ಬಳಿಕವೂ ಹುಡುಕಿ ಮತ್ತೆ ಬಾಯಿ ನೋಡಲು ಸಾಧ್ಯವಾಯಿತು. ಆ ಫಲಿತಾಂಶ 1972ರಲ್ಲಿ ಪ್ರಕಟವಾಯಿತು. ಕೆಲಸದ ಸ್ಥಳದ ನಿಜವಾದ ಬಲ ಇರುವುದು ಇಲ್ಲಿಯೇ. ಊರ ಶಿಬಿರಕ್ಕೆ ಬಂದವರು ಮರುದಿನ ಚದುರಿಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರಿರುವವರನ್ನು ಆರು ತಿಂಗಳ ನಂತರವೂ ಕೇಳಬಹುದು: ದೊಡ್ಡಾಸ್ಪತ್ರೆಗೆ ಹೋದಿರಾ, ಏನೆಂದರು?

ಜಗಳೂರಿನಂಥ ಕಡೆ ಕೆಲಸದ ಸ್ಥಳವೆಂದರೆ ಕಾರ್ಖಾನೆಯೊಂದೇ ಅಲ್ಲ. ಶಾಲಾ ಕಾಲೇಜುಗಳು, ಬಸ್ ಡಿಪೋ, ಎ.ಪಿ.ಎಂ.ಸಿ. ಅಂಗಳದ ಹಮಾಲರು, ಪಟ್ಟಣ ಪಂಚಾಯಿತಿಯ ಪೌರಕಾರ್ಮಿಕರು, ಹಾಲು ಉತ್ಪಾದಕರ ಸಂಘದ ಡೇರಿ, ನರೇಗಾ ಕಾಮಗಾರಿ ನಡೆಯುವ ಕೆರೆಯಂಗಳ, ಎಲ್ಲವೂ ಕಾಯಕದ ನೆಲೆಗಳೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯಾದರೆ ಅಡಿಕೆ ಖೇಣಿದಾರರ ಮನೆಗಳಿವೆ. ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೆಣ್ಣುಮಕ್ಕಳು ಗುಂಪುಗುಂಪಾಗಿ ಒಂದೇ ಚಪ್ಪರದಡಿ ಕುಳಿತಿರುತ್ತಾರೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿವೆ, ಬೀಡಿ ಕಟ್ಟುವ ಮನೆಗಳಿವೆ. ಮಠಗಳು ನಡೆಸುವ ವಿದ್ಯಾಸಂಸ್ಥೆಗಳಲ್ಲಿಯೂ ನೂರಾರು ನೌಕರರಿದ್ದಾರೆಂಬುದನ್ನು ನಾವು ಮೊದಲು ನೆನೆಯಬೇಕು. ಪರರಿಗೆ ಹೇಳುವ ಮುನ್ನ ನಮ್ಮ ಅಂಗಳದಲ್ಲಿ ಆಗಬೇಕಾದ ಕೆಲಸವಿದು.

ಬಾಯಿ: ಅಡಿಕೆ ಸೀಮೆಯ ಸಂಕಟ

ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ದಾಟಿದ ಎಲ್ಲರಿಗೂ ತಪಾಸಣೆ ಮಾಡಬೇಕೆಂದು 2016ರ ಮಾರ್ಗಸೂಚಿ ಹೇಳುವ ಕ್ಯಾನ್ಸರುಗಳು ಮೂರು: ಬಾಯಿ, ಸ್ತನ ಮತ್ತು ಗರ್ಭಕೊರಳು. ಕೊನೆಯ ಎರಡು ಮಹಿಳೆಯರಿಗೆ. 30ರಿಂದ 65ರ ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ.

ಬಾಯಿಯ ತಪಾಸಣೆಗೆ ಬೇಕಾದದ್ದು ಒಂದು ಟಾರ್ಚ್, ನಾಲಿಗೆ ಒತ್ತುವ ಎರಡು ಕಡ್ಡಿ, ಕೈಗವಸು ಮತ್ತು ತರಬೇತಾದ ಒಬ್ಬರು. ಐದು ನಿಮಿಷ ಸಾಕು. ಕೆನ್ನೆಯ ಒಳಮೈ, ತುಟಿಯ ಒಳಭಾಗ, ನಾಲಿಗೆಯ ಬದಿ ಮತ್ತು ಕೆಳಭಾಗ, ಅಂಗುಳ, ಕೊನೆಗೆ ಕತ್ತಿನ ಗಂಟುಗಳು. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಅಪಾಯಕಾರಿಯಾದ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು, ಖಾರ ತಾಳಲಾಗದ ಉರಿ, ಕಾರಣವಿಲ್ಲದೆ ಅಲುಗಾಡುವ ಹಲ್ಲು ಇವುಗಳನ್ನು ಹುಡುಕುತ್ತಾರೆ. ಒಂದು ಪರೀಕ್ಷೆಯನ್ನು ಯಾರಾದರೂ ಮನೆಯಲ್ಲಿಯೇ ಮಾಡಿಕೊಳ್ಳಬಹುದು: ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ಹಿಡಿಸುತ್ತದೆಯೇ ನೋಡುವುದು. ಹಿಡಿಸದಿದ್ದರೆ, ಬಾಯಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದ್ದರೆ, ಕೆನ್ನೆಯ ಒಳಪದರ ನಾರಾಗಿ ಬಿಗಿಯುತ್ತಿದೆಯೆಂದರ್ಥ. ಇದು ಕ್ಯಾನ್ಸರ್ ಅಲ್ಲ, ಆದರೆ ಅದರತ್ತ ತಿರುಗಬಲ್ಲ ಸ್ಥಿತಿ. ಇದಕ್ಕೆ ಮುಖ್ಯ ಕಾರಣ ಅಡಿಕೆ ಅಗಿಯುವುದು.

ಇಲ್ಲಿ ನಮ್ಮ ಸೀಮೆಯ ನೋವಿನ ಮಾತೊಂದನ್ನು ಆಡಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲನೆಯ ವರ್ಗದ ವಸ್ತುಗಳಲ್ಲಿ ಸೇರಿಸಿತು. ಅಡಿಕೆ ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪುವುದಿಲ್ಲ. ಸಾಂಪ್ರದಾಯಿಕ ತಾಂಬೂಲವೇ ಬೇರೆ, ಗುಟ್ಕಾವೇ ಬೇರೆ ಎಂಬುದು ಅವರ ವಾದ. ಚನ್ನಗಿರಿಯ ತುಮ್ಕೋಸ್‌ನಂಥ ಸಹಕಾರ ಸಂಘಗಳನ್ನು ನೆಚ್ಚಿ ಬದುಕುವ ಸಾವಿರಾರು ಮನೆಗಳಲ್ಲಿ ಶ್ರೀಮಠದ ಭಕ್ತರೂ ಇದ್ದಾರೆ. ಅವರ ಅನ್ನದ ಪ್ರಶ್ನೆಯನ್ನು ಹಗುರಾಗಿ ಕಾಣುವಂತಿಲ್ಲ. ಆದರೂ ಈ ಲೇಖಕನಿಗೆ ತೋರುವುದಿಷ್ಟು: ಬೆಳೆಯ ಬಗೆಗಿನ ವಾದವನ್ನು ಅದರ ವೇದಿಕೆಗಳಲ್ಲಿ ನಡೆಸೋಣ, ಅಗಿಯುವವರ ಬಾಯಿಯನ್ನಂತೂ ಇಂದೇ ನೋಡೋಣ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಅಡಿಕೆಪುಡಿಯ ಚೀಟಿಯನ್ನೂ ತಂಬಾಕಿನ ಚೀಟಿಯನ್ನೂ ಬೇರೆಬೇರೆಯಾಗಿ ಕೊಂಡು ಅಂಗೈಯಲ್ಲಿ ಬೆರೆಸುವುದು ನಿಲ್ಲಲಿಲ್ಲ. ಲಾರಿ ಚಾಲಕರು, ಹಮಾಲರು, ಗಾರೆ ಕೆಲಸದವರು ಹಸಿವನ್ನೂ ನಿದ್ರೆಯನ್ನೂ ತಡೆಯಲು ಇದನ್ನು ಆಶ್ರಯಿಸಿದ್ದಾರೆ. ಬೈಯುವುದರಿಂದ ಅದು ಬಿಡುವುದಿಲ್ಲ. ಬಾಯಿ ತೋರಿಸಲು ಅವರು ಹೆದರುವಂತಾಗುತ್ತದೆ, ಅಷ್ಟೇ.

ಬಾಯಿ ನೋಡುವುದರಿಂದ ಜೀವ ಉಳಿಯುತ್ತದೆಯೇ? ಕೇರಳದ ತಿರುವನಂತಪುರದ ಸುತ್ತಮುತ್ತ ನಡೆದ, 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ತರಬೇತಾದ ಆರೋಗ್ಯ ಕಾರ್ಯಕರ್ತರು ಬರಿಗಣ್ಣಿನಿಂದ ಬಾಯಿ ನೋಡಿದ ಊರುಗಳಲ್ಲಿ, ತಂಬಾಕು ಅಥವಾ ಮದ್ಯ ಬಳಸುವವರ ಪೈಕಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಇಳಿದಿತ್ತು. ನೋಡಿದವರು ತಜ್ಞವೈದ್ಯರಲ್ಲ, ಬಳಸಿದ್ದು ಯಂತ್ರವೂ ಅಲ್ಲ ಎಂಬುದು ಜಗಳೂರಿಗೆ ಮುಖ್ಯವಾದ ಸಂಗತಿ.

ಗರ್ಭಕೊರಳು, ಸ್ತನ ಮತ್ತು ಸೂತಕದ ಮಾತು

ಗರ್ಭಕೊರಳಿನ ಕ್ಯಾನ್ಸರಿಗೆ ಮೂಲ ಎಚ್.ಪಿ.ವಿ. ಎಂಬ ವೈರಾಣು. ಸೋಂಕು ತಗುಲಿದ ಬಹುಪಾಲು ಮಹಿಳೆಯರಲ್ಲಿ ಅದು ತಾನಾಗಿಯೇ ಹೋಗುತ್ತದೆ. ಉಳಿದುಕೊಂಡವರಲ್ಲಿ ಕ್ಯಾನ್ಸರ್ ಆಗಲು ಹತ್ತು ಹದಿನೈದು ವರ್ಷ ಹಿಡಿಯಬಹುದು. ಇಷ್ಟು ದೀರ್ಘವಾದ ಎಚ್ಚರಿಕೆಯ ಕಾಲಾವಧಿ ಕೊಡುವ ಕ್ಯಾನ್ಸರುಗಳು ಕಡಿಮೆ. ಆದ್ದರಿಂದಲೇ ಇದರಿಂದಾಗುವ ಸಾವು ಹೆಚ್ಚು ದುಃಖಕರ. ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲಿ ನಡೆಯುವ ಪರೀಕ್ಷೆ ಸರಳ. ನೀರು ಬೆರೆಸಿದ ಅಸಿಟಿಕ್ ಆಮ್ಲವನ್ನು, ಅಂದರೆ ವಿನೆಗರಿನ ಸಾರವನ್ನು, ಗರ್ಭಕೊರಳಿಗೆ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜೀವಕೋಶಗಳಿದ್ದ ಜಾಗ ಬೆಳ್ಳಗಾಗುತ್ತದೆ. ಸೌಕರ್ಯವಿರುವ ಕಡೆ ಆ ಜಾಗವನ್ನು ಅಂದೇ ಶಾಖದಿಂದ ಸುಟ್ಟು ತೆಗೆಯಲೂ ಬರುತ್ತದೆ.

ಇದಕ್ಕಿಂತ ನಿಖರವಾದದ್ದು ಎಚ್.ಪಿ.ವಿ. ಪರೀಕ್ಷೆ. ನಮ್ಮ ಬೀದರ್, ಕಲಬುರಗಿ ಸೀಮೆಗೆ ತಾಗಿದ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆ, ಈಗಿನ ಧಾರಾಶಿವ, ಜಗಳೂರಿನಂತೆಯೇ ಬರದ ನೆಲ. ಅಲ್ಲಿಯ 30ರಿಂದ 59 ವರ್ಷದ ಸುಮಾರು 1,31,000 ಹಳ್ಳಿಯ ಮಹಿಳೆಯರನ್ನು ಗುಂಪುಗಳಾಗಿ ವಿಂಗಡಿಸಿ ಎಂಟು ವರ್ಷ ಗಮನಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಬಾರಿ ಎಚ್.ಪಿ.ವಿ. ಪರೀಕ್ಷೆಗೆ ಒಳಗಾದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಅಸಿಟಿಕ್ ಆಮ್ಲದ ಪರೀಕ್ಷೆ ಆ ಅಧ್ಯಯನದಲ್ಲಿ ಅಷ್ಟು ಫಲ ಕೊಡಲಿಲ್ಲ. ಆದರೆ ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಅದನ್ನೇ ಎರಡು ವರ್ಷಕ್ಕೊಮ್ಮೆ ನಡೆಸಿದಾಗ ಸಾವು ಶೇ. 31ರಷ್ಟು ಇಳಿಯಿತು. ಮಾದರಿಯನ್ನು ಮಹಿಳೆ ತಾನೇ ತೆಗೆದುಕೊಡಬಹುದಾದ್ದರಿಂದ ಎಚ್.ಪಿ.ವಿ. ಪರೀಕ್ಷೆ ಸಂಕೋಚವುಳ್ಳವರಿಗೆ ಹೆಚ್ಚು ಒಪ್ಪುತ್ತದೆ. ನೌಕರರ ಆರೋಗ್ಯಕ್ಕೆ ಹಣ ಎತ್ತಿಡುವ ಸಂಸ್ಥೆಗಳು ಇದರತ್ತ ಮೊದಲು ನೋಡುವುದು ಉಚಿತ.

ಸ್ತನದ ವಿಷಯದಲ್ಲಿ ತರಬೇತಾದ ದಾದಿ ಕೈಯಿಂದ ಮುಟ್ಟಿ ಪರೀಕ್ಷಿಸುತ್ತಾರೆ. ನೋವಿಲ್ಲದ ಗಟ್ಟಿ ಗಂಟು, ಒಳಸೇದಿದ ತೊಟ್ಟು, ತೊಟ್ಟಿನಿಂದ ರಕ್ತ, ಕಿತ್ತಳೆ ಸಿಪ್ಪೆಯಂತಾದ ಚರ್ಮ, ಕಂಕುಳಲ್ಲಿ ಗಂಟು ಇವು ಲಕ್ಷಣಗಳು. ಮುಂಬಯಿಯಲ್ಲಿ ಒಂದೂವರೆ ಲಕ್ಷ ಮಹಿಳೆಯರನ್ನು ಇಪ್ಪತ್ತು ವರ್ಷ ಅನುಸರಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಕೈಪರೀಕ್ಷೆಯಿಂದ 50 ದಾಟಿದವರಲ್ಲಿ ಸಾವು ಶೇ. 30ರ ಸಮೀಪ ಇಳಿಯಿತು. ಅದಕ್ಕಿಂತ ಕಿರಿಯರಲ್ಲಿ ಅಂಥ ಲಾಭ ಕಾಣಲಿಲ್ಲ. ಹಾಗೆಂದು ಕಿರಿಯರು ಗಂಟನ್ನು ಅಲಕ್ಷಿಸಬಾರದು. ಲಕ್ಷಣ ಕಂಡ ಮೇಲೆ ನಡೆಯುವುದು ತಪಾಸಣೆಯಲ್ಲ, ರೋಗನಿರ್ಣಯ. ಅದಕ್ಕೆ ವಯಸ್ಸಿನ ಮಿತಿಯಿಲ್ಲ.

ಇಷ್ಟೆಲ್ಲ ಸೌಕರ್ಯವಿದ್ದರೂ ನಮ್ಮ ತಾಯಂದಿರು ಹಿಂಜರಿಯುವುದು ನಾಚಿಕೆಯಿಂದ. ಮುಟ್ಟು ನಿಂತ ಮೇಲೂ ರಕ್ತ ಕಾಣುವುದು, ದುರ್ವಾಸನೆಯ ಬಿಳುಪು, ಗಂಡಹೆಂಡಿರ ಸೇರುವಿಕೆಯ ನಂತರದ ರಕ್ತಸ್ರಾವ ಇವನ್ನು ಮಗಳಿಗೂ ಹೇಳದೆ ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಇಷ್ಟಲಿಂಗಧಾರಿಗಳಿಗೆ ಇಲ್ಲವೆಂದು ಸಾರಿದ ಪರಂಪರೆ ನಮ್ಮದು. ರಜಸ್ಸನ್ನು ಮೈಲಿಗೆಯೆಂದು ಎಣಿಸದ ಧರ್ಮದ ಹೆಣ್ಣುಮಗಳು ಅದರ ತೊಂದರೆಯನ್ನು ಬಾಯಿಬಿಟ್ಟು ಹೇಳಲು ಅಳುಕಬೇಕಾಗಿಲ್ಲ. ಎಂಜಲ ಸೂತಕದ ಮಾತೂ ಇಲ್ಲಿ ಸಲ್ಲುತ್ತದೆ: ಕ್ಯಾನ್ಸರ್ ಬಂದವರ ತಟ್ಟೆ ಲೋಟವನ್ನು ಬೇರೆ ಇಡುವ ಮನೆಗಳು, ಊಟದ ಪಂಕ್ತಿಯಲ್ಲಿ ದೂರ ಕೂರಿಸುವ ಕಚೇರಿಗಳು ಇಂದಿಗೂ ಇವೆ. ಜೊತೆಗೆ ಉಣ್ಣುವುದರಿಂದ, ಮುಟ್ಟುವುದರಿಂದ ಕ್ಯಾನ್ಸರ್ ಹರಡುವುದಿಲ್ಲ. ವೈದ್ಯ ಸಂಗಣ್ಣನಂಥ ಶರಣರು ವೈದ್ಯವೃತ್ತಿಯ ಪರಿಭಾಷೆಯಲ್ಲಿಯೇ ವಚನ ರಚಿಸಿದ್ದನ್ನು ನೆನೆದರೆ, ರೋಗದ ಮಾತು ಅನುಭವದ ಗೋಷ್ಠಿಗೆ ಹೊರತಾದದ್ದಲ್ಲವೆಂದು ತಿಳಿಯುತ್ತದೆ.

ಕಾರ್ಮಿಕರಿಗಿರುವ ಹಕ್ಕು ಮತ್ತು ನೆರವು

ಹತ್ತು ಅಥವಾ ಹೆಚ್ಚು ನೌಕರರಿರುವ ಕಾರ್ಖಾನೆ, ಅಂಗಡಿ, ಖಾಸಗಿ ಸಂಸ್ಥೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರು ಇ.ಎಸ್.ಐ. ವ್ಯಾಪ್ತಿಗೆ ಬರುತ್ತಾರೆ. 2019ರ ಜುಲೈನಿಂದ ನೌಕರರ ವಂತಿಗೆ ಶೇ. 0.75, ಮಾಲೀಕರದು ಶೇ. 3.25. ವೇತನ ಚೀಟಿಯಲ್ಲಿ ಈ ಕಡಿತವನ್ನು ಪ್ರತಿ ತಿಂಗಳೂ ನೋಡುವವರು ಅದರ ಫಲವನ್ನು ಕೇಳುವುದೇ ಅಪರೂಪ. ಸಾಮಾನ್ಯ ಅನಾರೋಗ್ಯಕ್ಕೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70 ದೊರೆಯುತ್ತದೆ. ಕ್ಯಾನ್ಸರ್ ಸೇರಿದಂತೆ ಗೊತ್ತುಪಡಿಸಿದ ದೀರ್ಘಕಾಲದ ರೋಗಗಳಿಗೆ, ಎರಡು ವರ್ಷ ಸತತ ವಿಮಾದಾರರಾಗಿ ಅಗತ್ಯ ದಿನಗಳ ವಂತಿಗೆ ಕಟ್ಟಿದ್ದವರಿಗೆ, ಶೇ. 80ರ ದರದಲ್ಲಿ ಎರಡು ವರ್ಷಗಳವರೆಗೂ ವಿಸ್ತರಿಸುವ ಅವಕಾಶವಿದೆ. ಚಿಕಿತ್ಸೆಯ ಕಾಲದಲ್ಲಿ ಮನೆಯ ಒಲೆ ಆರದಿರಲು ಇದು ಎಷ್ಟು ದೊಡ್ಡ ಆಸರೆಯೆಂಬುದನ್ನು ಅನುಭವಿಸಿದವರೇ ಹೇಳಬೇಕು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯನ್ನು ಹೇಳಿವೆ. ಇಲ್ಲಿ ಎರಡು ಸಂಗತಿ ಗಮನಿಸಬೇಕು. ಕ್ಯಾನ್ಸರ್ ತಪಾಸಣೆ ಶುರುವಾಗಬೇಕಾದ ವಯಸ್ಸು 30. ಹೀಗಾಗಿ ನಡುವಿನ ಹತ್ತು ವರ್ಷದವರನ್ನು ಸಂಸ್ಥೆಯೇ ಸೇರಿಸಿಕೊಳ್ಳಬೇಕು. ಮತ್ತೆ, ವಾರ್ಷಿಕ ತಪಾಸಣೆಯೆಂದರೆ ಅನೇಕ ಕಡೆ ರಕ್ತದೊತ್ತಡ, ಸಕ್ಕರೆ, ತೂಕ ನೋಡಿ ಸಹಿ ಹಾಕಿಸುವುದಷ್ಟೇ. ಬಾಯಿ, ಸ್ತನ, ಗರ್ಭಕೊರಳು ಸೇರಿವೆಯೇ ಎಂದು ಬಾಯಿಬಿಟ್ಟು ಕೇಳಬೇಕು.

ಸಂಘಟಿತ ವಲಯದ ಹೊರಗಿರುವವರಿಗೆ ಬೇರೆ ದಾರಿಗಳಿವೆ. ಬಿ.ಪಿ.ಎಲ್. ಚೀಟಿಯ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ವೆಚ್ಚದ ಶೇ. 30, ವರ್ಷಕ್ಕೆ 1.5 ಲಕ್ಷ ಮೀರದಂತೆ. ಖಾಸಗಿ ಆಸ್ಪತ್ರೆಗೆ ನೇರ ಹೋಗದೆ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆಯುವುದನ್ನು ಮರೆಯಬಾರದು. ಗಾರೆ, ಬಡಗಿ, ಬಣ್ಣದ ಕೆಲಸದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದ್ದರೆ ಗಂಭೀರ ಕಾಯಿಲೆಗಳಿಗೆ ನೆರವುಂಟು. ನೋಂದಣಿ ನವೀಕರಿಸದೆ ಬಿಟ್ಟು ಆಪತ್ತಿನಲ್ಲಿ ಪರದಾಡುವವರೇ ಹೆಚ್ಚು. ಬೀಡಿ ಕಾರ್ಮಿಕರಿಗೆ 1976ರ ಕಲ್ಯಾಣ ನಿಧಿ ಕಾನೂನಿನಡಿ ಕ್ಯಾನ್ಸರ್ ಚಿಕಿತ್ಸೆಯ ವೆಚ್ಚಕ್ಕೆ ಸಹಾಯವಿದೆ.

ಒಂದು ದಿನದ ಏರ್ಪಾಡು

ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಒಂದು ಮನವಿ ಕೊಟ್ಟರೆ ಸಾಂಕ್ರಾಮಿಕವಲ್ಲದ ರೋಗಗಳ ವಿಭಾಗದವರು, ಸಮುದಾಯ ಆರೋಗ್ಯಾಧಿಕಾರಿ, ಆಶಾ ಕಾರ್ಯಕರ್ತೆಯರು ಬರಲು ಸಾಧ್ಯ. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯಲ್ಲಿ ಈ ಮೂರೂ ಕ್ಯಾನ್ಸರುಗಳ ತಪಾಸಣೆ ಸೇರಿರುವುದರಿಂದ ಇದು ಅವರಿಗೆ ಅಪರಿಚಿತ ಕೆಲಸವಲ್ಲ. ದಿನ ಆರಿಸುವಾಗ ಮೆಕ್ಕೆಜೋಳದ ಕೊಯ್ಲು ತಪ್ಪಿಸಬೇಕು. ಅಡಿಕೆ ಸೀಮೆಯಲ್ಲಾದರೆ ಸುಗ್ಗಿಯೇ ಒಳ್ಳೆಯದು, ಏಕೆಂದರೆ ಸುಲಿಯುವವರು ಒಂದೆಡೆ ಸಿಗುವುದು ಆಗಲೇ. ಆ ಎರಡು ತಾಸಿನ ಕೂಲಿಯನ್ನು ಖೇಣಿದಾರರು ಹಿಡಿಯಬಾರದು. ಇದು ದಾಸೋಹದ ಲೆಕ್ಕಕ್ಕೆ ಬರುತ್ತದೆ, ದಾನದ ಲೆಕ್ಕಕ್ಕಲ್ಲ.

ಬಾಯಿ ನೋಡಲು ಹಜಾರ ಸಾಕು. ಮಹಿಳೆಯರ ತಪಾಸಣೆಗೆ ಬಾಗಿಲು ಹಾಕುವ ಕೋಣೆ, ಮಂಚ, ನೀರು, ಮಹಿಳಾ ಸಿಬ್ಬಂದಿ ಇರಲೇಬೇಕು. ಇಲ್ಲವಾದರೆ ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಲು ವಾಹನ ಗೊತ್ತುಮಾಡುವುದು ಲೇಸು. ಪರದೆ ಕಟ್ಟಿ ಮುಗಿಸುವ ಶಿಬಿರಗಳಿಂದ ಮುಂದಿನ ವರ್ಷ ಯಾರೂ ಬರದಂತಾಗುತ್ತದೆ.

ಫಲಿತಾಂಶ ತಪಾಸಣೆಗೊಳಗಾದವರಿಗೆ ಮಾತ್ರ ಸೇರಿದ್ದು. ಎಷ್ಟು ಮಂದಿಯನ್ನು ನೋಡಲಾಯಿತು, ಎಷ್ಟು ಮಂದಿಯನ್ನು ಮುಂದಕ್ಕೆ ಕಳುಹಿಸಲಾಯಿತು ಎಂಬ ಸಂಖ್ಯೆಯಷ್ಟೇ ಮಾಲೀಕರಿಗೆ ಸಾಕು, ಹೆಸರು ಬೇಡ. ಗೆಳೆಯರಿರಲಿ, ಆಡಳಿತ ಮಂಡಳಿಯವರಿರಲಿ, ಮಠದ ಕಾರ್ಯದರ್ಶಿಗಳೇ ಇರಲಿ, ಕೇಳಬಾರದು. ಕೆಲಸ ಹೋದೀತೆಂಬ ಭಯವಿರುವಲ್ಲಿ ಯಾರೂ ಸತ್ಯ ಹೇಳುವುದಿಲ್ಲ. ಚಿಕಿತ್ಸೆಯಲ್ಲಿರುವ ನೌಕರರನ್ನು ತೆಗೆದುಹಾಕುವುದಕ್ಕೆ 1948ರ ಇ.ಎಸ್.ಐ. ಕಾಯ್ದೆಯೇ ತಡೆ ಹಾಕಿತ್ತು.

ಸಂಸ್ಥೆಗಳಿಗೆ ಬಂದು ‘ಒಂದೇ ರಕ್ತಪರೀಕ್ಷೆಯಲ್ಲಿ ಎಲ್ಲ ಕ್ಯಾನ್ಸರ್’ ಎಂದು ಪ್ಯಾಕೇಜ್ ಮಾರುವವರ ಬಗ್ಗೆ ಎಚ್ಚರವಿರಲಿ. ರೋಗಲಕ್ಷಣವಿಲ್ಲದವರಿಗೆ ಅಂಥ ಪರೀಕ್ಷೆಗಳನ್ನು ರಾಷ್ಟ್ರೀಯ ಮಾರ್ಗಸೂಚಿ ಹೇಳುವುದಿಲ್ಲ. ಇಲ್ಲದ ಭಯವನ್ನೂ ಸುಳ್ಳು ಸಮಾಧಾನವನ್ನೂ ಅವು ಸಮನಾಗಿ ಹಂಚುತ್ತವೆ. ತಪಾಸಣೆಯಲ್ಲಿ ಅನುಮಾನ ಬಂತೆಂದರೆ ಕ್ಯಾನ್ಸರ್ ಬಂತೆಂದಲ್ಲ ಎಂಬುದನ್ನೂ ಮೊದಲೇ ಹೇಳಿಡಬೇಕು. ಅನುಮಾನ ಬಂದ ಹೆಚ್ಚಿನವರಿಗೆ ಮುಂದಿನ ಪರೀಕ್ಷೆಯಲ್ಲಿ ಏನೂ ಇರುವುದಿಲ್ಲ.

ಹೆಚ್ಚಿನ ಶಿಬಿರಗಳು ಸೋಲುವುದು ಇದರ ಮುಂದಿನ ಹಂತದಲ್ಲಿ. ಚೀಟಿ ಕೈಗೆ ಕೊಟ್ಟು ‘ದಾವಣಗೆರೆಗೆ ಹೋಗಿ’ ಎಂದರೆ ಆ ಚೀಟಿ ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಕೆಳಗೆ ಸೇರುತ್ತದೆ. ಆದ್ದರಿಂದ ಪ್ರತಿ ಸಂಸ್ಥೆಯಲ್ಲಿ ನೌಕರರೇ ನಂಬುವ ಒಬ್ಬರು, ಸಾಧ್ಯವಾದರೆ ಒಬ್ಬ ಅಕ್ಕನೂ ಒಬ್ಬ ಅಣ್ಣನೂ, ಜೊತೆಗೆ ಹೋಗುವ ಹೊಣೆ ಹೊರಬೇಕು. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮಾದರಿ ತೆಗೆಸಿ ವರದಿ ಬರುವವರೆಗೆ ಎರಡು ಮೂರು ಓಡಾಟ ಬೇಕಾದೀತು. ಮುಂದೆ ಬೆಂಗಳೂರಿನ ಕಿದ್ವಾಯಿಗೋ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಹೋಗಬೇಕಾಗಿ ಬಂದರೆ ದಾವಣಗೆರೆಯಿಂದ ರೈಲಿದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಬೋಗಿಯಲ್ಲಿ ಪೂರ್ಣ ರಿಯಾಯಿತಿ, ಜೊತೆಗಾರರಿಗೆ ಶೇ. 75. ಇದಕ್ಕೆ ಆಸ್ಪತ್ರೆಯ ವೈದ್ಯರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರ ಬೇಕು. ಮೊದಲ ಭೇಟಿಯಲ್ಲಿಯೇ ಅದನ್ನು ಕೇಳಿ ಪಡೆದು, ಆಧಾರ್, ಪಡಿತರ ಚೀಟಿ ಮತ್ತು ಶಿಫಾರಸು ಪತ್ರಗಳ ಜೊತೆ ಒಂದೇ ಕಡತದಲ್ಲಿ ಇಟ್ಟುಕೊಳ್ಳುವುದು.